ಎರಡು ಸಲ ಹಾಕಿದ ಕಪ್ಪು

ಪಾಕ ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಹೊರಬಾಗಿಲ ಚಿಲಕ ಸಪ್ಪಳವಾಯಿತು.

ಪಾರ್ವತೆಮ್ಮ ಏಳಲಿಲ್ಲ. ಸಕ್ಕರೆ ಪಾಕ ಯಾರ ಸಲುವಾಗಿಯೂ ಕಾಯುವುದಿಲ್ಲ. ತುಸು ಹೆಚ್ಚು ಕುದಿದರೆ ಬೋಗುಣಿಯಲ್ಲೇ ಕಲ್ಲಾಗುತ್ತದೆ, ತುಸು ಕಡಿಮೆಯಾದರೆ ಅಚ್ಚು ಬಿಚ್ಚುವಾಗ ಗೊಂಬೆಯ ಕುತ್ತಿಗೆ ಮುರಿಯುತ್ತದೆ. ನಾಳೆ ಗೌರಿ ಹುಣ್ಣಿಮೆ. ಮಸ್ಕಿಯ ಹುಡುಗಿಯರೆಲ್ಲ ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಆರತಿ ಹಿಡಿದು ಹೊರಡುವ ದಿನ. ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚುಗಳನ್ನು ಒರೆಸಿ ಒಲೆಯ ಪಕ್ಕ ಸಾಲಾಗಿ ಇಟ್ಟಾಗಿತ್ತು. ಸೌಟು ತಿರುಗಿದಾಗಲೆಲ್ಲ ಅವಳ ಹಸಿರು ಬಳೆಗಳು ಬೋಗುಣಿಯ ಅಂಚಿಗೆ ತಾಗಿ ಸಣ್ಣಗೆ ದನಿ ಮಾಡುತ್ತಿದ್ದವು.

"ಅವ್ವಾ, ಒಂದು ಕೇಳ್ಲೇನು?" ಎಂದಳು ಮಗಳು ಶೇಖರಮ್ಮ. ಮನೆಯಲ್ಲಿ ಅವಳು ಶೇಕವ್ವ.

"ಈಗ ಬ್ಯಾಡ. ಪಾಕ ಕೆಡತೈತಿ."

"ನಿನ್ನೆನೂ ಹಿಂಗ ಅಂದಿ."

"ನಿನ್ನೆ ರೊಟ್ಟಿ ಸೀಯಾಕತ್ತಿತ್ತು. ಹೋಗವ್ವ, ಬಾಗಲಾ ತಗಿ. ಯಾರೋ ಬಂದಾರ."

ಬಂದವರು ಅಮರಗುಂಡಪ್ಪ. ಲಿಂಗಸುಗೂರಿನ ಠಾಣೆಯಲ್ಲಿ ಜಮಾದಾರರಾಗಿದ್ದು ಪಿಂಚಣಿ ಪಡೆದವರು. ಕೆರವುಗಳನ್ನು ಹೊಸ್ತಿಲ ಹೊರಗೇ ಬಿಟ್ಟು ಒಳಗೆ ಬಂದರು. ಬಗಲಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಚಪ್ಪಟೆಯ ವಸ್ತುವೊಂದಿತ್ತು. ತಲೆಯಲ್ಲಿ ಸಂದೇಹ ಹುಟ್ಟಿದರೆ ಹೆಗಲ ವಲ್ಲಿಯ ತುದಿಗೆ ಗಂಟು ಹಾಕುವುದು, ಬಗೆಹರಿದರೆ ಬಿಚ್ಚುವುದು ಅವರ ಹಳೆಯ ರೂಢಿ. ಇವತ್ತು ಆ ವಲ್ಲಿ ಗಂಟುಗಳಿಂದಲೇ ಗಿಡ್ಡವಾಗಿತ್ತು.

"ಹುಣ್ಣಿಮಿ ನಾಳೆ ಐತಿ, ವಾಸನಿ ಇವತ್ತೇ ಬಸ್ಸಿನ ಕಟ್ಟೀತನಕ ಬಂದೈತಿ ನೋಡವ್ವ," ಎಂದರು.

"ಕುಂದರ್ರಿ ಅಣ್ಣಾರ. ಕೈ ಬಿಡೂಹಂಗಿಲ್ಲ. ಪಿಂಚಣಿ ಬಂದ್ರೂ ಠಾಣೆ ನಿಮ್ಮನ್ನ ಬಿಟ್ಟಂಗಿಲ್ಲಲ್ರೀ?"

"ಠಾಣೆ ಬಿಟ್ಟೈತಿ. ಬಸ್ಸಮ್ಮ ಬಿಡವಲ್ಲಳು."

ಸೌಟು ಒಂದು ಸುತ್ತು ತಪ್ಪಿ ಮತ್ತೆ ತಿರುಗಿತು.

ಬಸ್ಸಮ್ಮನ ಗಂಡ ಅಂಬಪ್ಪ ವಾರದಿಂದ ಲಿಂಗಸುಗೂರಿನ ಠಾಣೆಯಲ್ಲಿದ್ದ. ನಾಳೆ ಬೆಳಿಗ್ಗೆ ಅವನನ್ನು ರಾಯಚೂರಿಗೆ ಸಾಗಿಸುವವರಿದ್ದರು. ಅಲ್ಲಿ ಕೊಲೆಯ ಮೊಕದ್ದಮೆ ನಿಂತರೆ ಮನುಷ್ಯ ಬೇಗ ತಿರುಗಿ ಬರುವುದಿಲ್ಲ, ಕೆಲವರು ಬರುವುದೇ ಇಲ್ಲ. ಅವನ ಮೇಲೆ ಸಾಕ್ಷಿ ಹೇಳಿದ್ದು ಮನುಷ್ಯರಲ್ಲ, ಒಂದು ಚಿತ್ರ.

ಜಮಾದಾರರು ಧೋತರ ಬಿಚ್ಚಿ ಆ ಚಿತ್ರವನ್ನು ಗೋಡೆಗೆ ಒರಗಿಸಿದರು. ಠಾಣೆಯ ಅಮೀನ ಸಾಹೇಬರಿಗೆ ನೂರು ಸಲ ಹೇಳಿ, ಸಂಜೆಯ ಬಸ್ಸಿಗೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟು ತಂದಿದ್ದರು.

ಗಾಜಿನ ಕಟ್ಟಿನೊಳಗೆ ಮೊದಲು ಕಾಣುವುದು ಕಪ್ಪು. ಕಾಡಿಗೆಯ ಕಪ್ಪಲ್ಲ, ಮಖಮಲ್ಲಿನಂಥ ಕಪ್ಪು. ನೋಡುತ್ತ ನಿಂತರೆ ಅದರೊಳಗಿಂದ ಒಂದೊಂದೇ ಹೊರಗೆ ಬರುತ್ತದೆ. ನಡುವೆ ಸಾಹುಕಾರ ಶಿವಶರಣಪ್ಪನವರ ಹತ್ತಿ ಬಿಡಿಸುವ ಜಿನ್ನು, ಅದರ ಛಾವಣಿಯಿಂದ ಏಳುವ ಬೆಂಕಿ. ಒಂದು ಕಡೆ ದೊಡ್ಡ ಹೊಗೆಯ ರಾಶಿ, ಅದರ ನೆತ್ತಿಯಲ್ಲಿ ಒಂದು ಕಿಡಿ. ಬೆಂಕಿಗೆ ಬೆನ್ನು ಹಾಕಿ, ಕಂಬಳಿ ಮುಸುಕಿನಲ್ಲಿ, ಎಡಗೈಯಲ್ಲಿ ಕಂದೀಲು ಹಿಡಿದು ಎಡಕ್ಕೆ ನಡೆದು ಬರುತ್ತಿರುವ ಒಂದು ಆಕೃತಿ. ಮುಖವಿಲ್ಲ.

ಕೆಲವು ವರ್ಷಗಳ ಹಿಂದೆ ಆ ಜಿನ್ನು ಸುಟ್ಟಿತ್ತು. ಒಳಗೆ ಮಲಗಿದ್ದ ಕಾವಲುಗಾರ ಪಕೀರಪ್ಪ ಹೊಗೆಯಲ್ಲಿ ಸತ್ತಿದ್ದ. ಆಗ ಅದು ಆಕಸ್ಮಿಕವೆಂದೇ ಮುಗಿದಿತ್ತು. ಕಣ್ಣಾರೆ ಕಂಡು ಈ ಚಿತ್ರ ಮಾಡಿದ್ದ ಕರೀಂಸಾಬರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಗಾಜು ಹಾಕಿಸಲು ಸಿಂಧನೂರಿಗೆ ಹೋದ ಚಿತ್ರವನ್ನು ಅಂಗಡಿಯಲ್ಲಿ ಶಿವಶರಣಪ್ಪನವರೇ ನೋಡಿದರು. ಎಡಗೈಯ ಕಂದೀಲು, ಎಡಕ್ಕೆ ಹೋಗುವ ದಾರಿ. ಜಿನ್ನಿನ ಎಡಕ್ಕಿರುವುದು ಅಂಬಪ್ಪನ ಕೇರಿ. ಜಿನ್ನಿನ ಹಲ್ಲಿಗೆ ಬಲಗೈಯ ಬೆರಳುಗಳನ್ನೆಲ್ಲ ಕೊಟ್ಟ ಅಂಬಪ್ಪ ಉಣ್ಣುವುದೂ ಎಡಗೈಯಲ್ಲಿ. ಬೆಂಕಿ ಬಿದ್ದ ದಿನವೇ ಅವನಿಗೂ ಪಕೀರಪ್ಪನಿಗೂ ಜಗಳವಾಗಿತ್ತು. ಮತ್ತೇನು ಬೇಕು?

"ನಿಮ್ಮ ಮನಿ ಜಿನ್ನಿಗೆ ಹತ್ತರ. ಚಿತ್ರದಾಗ ಏನರ ಗುರುತು ಸಿಗತೈತೇನ ನೋಡವ್ವ," ಎಂದರು ಜಮಾದಾರರು.

ಪಾರ್ವತೆಮ್ಮ ಚಿತ್ರದ ಕಡೆ ನೋಡಿದ್ದು ಬರೀ ರೆಪ್ಪೆ ಬಡಿಯುವಷ್ಟು ಹೊತ್ತು.

"ನನಗ ಕಪ್ಪೊಂದ ಕಾಣತೈತ್ರಿ."

ಜಮಾದಾರರ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು. ಮೂರು ಮಂದಿಯ ಮನೆಗೆ ಅಷ್ಟು ರೊಟ್ಟಿ ಬೇಡ.

"ಬಸ್ಸಮ್ಮನ ಮಕ್ಕಳಿಗೇನು?"

"ಆಕಿ ತುರ್ವಿಹಾಳದ ಕಡೆ ಕಾಲುವಿ ಕೆಲಸಕ್ಕ ಹೋಗ್ತಾಳ್ರಿ. ಮಕ್ಕಳು ಹಸಕೊಂಡು ಕುಂದರತಾವ. ಹಸದ ಕೂಸಿಗೆ ಠಾಣೆ, ಕೋರ್ಟು ತಿಳೀತೈತೇನ್ರಿ?"

"ಅದೂ ಖರೇನ ಬಿಡು."

ಅವರು ವಲ್ಲಿಗೆ ಇನ್ನೊಂದು ಗಂಟು ಹಾಕಿದರು. ಕರುಣೆಯ ಮೇಲೆ ಸಂದೇಹಪಡುವುದು ಅವರಿಗೇ ಒಗ್ಗಲಿಲ್ಲ. ಆದರೂ ಗಂಟು ಹಾಕಿದರು.

ಅಷ್ಟರಲ್ಲಿ ಶೇಕವ್ವ ಆರಿದ ಅಚ್ಚೊಂದನ್ನು ಮಗುಚಿ, ಸಕ್ಕರೆಯ ಸಿಪಾಯಿಯನ್ನು ಅಂಗೈಗೆ ಇಳಿಸಿಕೊಂಡಿದ್ದಳು. ಕತ್ತಿ ಹಿಡಿದ ಸಿಪಾಯಿ, ತಲೆಗೆ ರುಮಾಲು.

"ಕಾಕಾ, ಇಲ್ಲಿ ನೋಡ್ರಿ. ಕಟಗಿಯಾಗಿನ ಸಿಪಾಯಿ ಎಡಚ. ಸಕ್ಕರಿ ಸಿಪಾಯಿ ಬಲಗೈಲೆ ಕತ್ತಿ ಹಿಡದಾನ."

"ಹುಚ್ಚಿ," ಎಂದು ನಕ್ಕಳು ಪಾರ್ವತೆಮ್ಮ. "ಅಚ್ಚಿನಾಗ ಎಡಚ ಇದ್ರನ ಸಕ್ಕರಿಯಾಗ ಬಲಗೈಯಾಂವ ಆಗತಾನ. ಅಚ್ಚು ಅಂದ್ರ ಎಲ್ಲಾ ತಿರುವು..."

ಮಾತು ಅಲ್ಲಿಗೇ ನಿಂತಿತು.

ಜಮಾದಾರರು ಸಿಪಾಯಿಯನ್ನು ನೋಡಿದರು, ಅಚ್ಚನ್ನು ನೋಡಿದರು, ಗೋಡೆಗೆ ಒರಗಿದ ಚಿತ್ರವನ್ನು ನೋಡಿದರು. ಅದೂ ಅಚ್ಚಿನಿಂದ ತೆಗೆದದ್ದೇ. ತಾಮ್ರದ ತಗಡಿನ ಮೇಲೆ ಕೆತ್ತಿ, ಮಸಿ ತುಂಬಿ, ಕಾಗದಕ್ಕೆ ಒತ್ತಿದ್ದು. ಲಿಂಗಸುಗೂರಿನಲ್ಲಿ ಎಲ್ಲರೂ ಅದನ್ನು ಫೋಟೋ ನೋಡಿದ ಹಾಗೆ ನೋಡಿದ್ದರು. ಅವರೂ ಹಾಗೆಯೇ ನೋಡಿದ್ದರು.

ಬೋಗುಣಿಯಿಂದ ಸೀದ ವಾಸನೆ ಎದ್ದಿತು. ಪಾಕ ಕೆಂಪಗಾಗಿತ್ತು. ಪಾರ್ವತೆಮ್ಮ ಅದನ್ನು ಇಳಿಸುವುದನ್ನೂ ಮರೆತು ಕೂತಿದ್ದಳು.

"ಬರ್ತೀನವ್ವ," ಎಂದು ಜಮಾದಾರರು ಎದ್ದರು. "ಈ ಸಿಪಾಯಿನ್ನ ಕೊಡ್ತಿಯೇನವ್ವ ಶೇಕವ್ವ? ಸಂಜಿಗೆ ತಿರುಗಿ ಕೊಡ್ತೀನಿ."

"ತಿನಬಾರದ ಮತ್ತ."

"ಹಲ್ಲು ಎಲ್ಲದಾವವ್ವ ತಿನ್ನಾಕ."

*

ಕರೀಂಸಾಬರ ಮನೆ ಜಿನ್ನಿನ ಎದುರಿಗೆ, ಬಯಲು ದಾಟಿದರೆ ಸಿಗುವ ಮೊದಲ ಮನೆ. ಅವರ ಹೆಂಡತಿ ಚಾಂದ್‌ಬೀ ಚಿತ್ರವನ್ನು ಕಂಡೊಡನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ಕೈ ಮುರೀಲಿ ಜಮಾದಾರ ಸಾಬ್. ಗ್ವಾಡಿಗೆ ಅವರದೊಂದು ಚಿತ್ರ ಇರ್ಲಿ ಅಂತ ಮ್ಯಾಲಿಂದು ಎತ್ತಿ ಕೊಟ್ಟು ಕಳಿಸಿದೆ. ಕಣ್ಣಾಗ ನೀರು ತುಂಬಿತ್ತು, ಯಾವುದಂತ ನೋಡಲಿಲ್ಲ. ಆ ಅಂಬಪ್ಪ ನಮ್ಮ ಮನಿಗೆ ಕಟಗಿ ಒಡದು ಕೊಡ್ತಿದ್ದ."

"ಕಂಡದ್ದನ್ನ ಅವರು ಆವಾಗ್ಲೇ ಯಾಕ ಹೇಳಲಿಲ್ಲ?"

"ಆ ವರ್ಷಗಳಾಗ ನಮ್ಮಂಥವರ ಮಾತು ಯಾರು ಕೇಳ್ತಿದ್ರು? ಹೇಳಿದ್ರ ನೀವ ಹಚ್ಚೀರಿ ಅಂತಿದ್ರು. ಅವರು ಹೇಳಲಿಲ್ಲ. ಹೇಳಲಿಲ್ಲಂತ ನಿದ್ದಿ ಮಾಡಲಿಲ್ಲ. ಕಡೀಕ ತಾಮ್ರದ ಮುಂದ ಹೇಳಿದ್ರು."

ಕೆಲಸದ ಕೋಣೆ ಅವರು ಬಿಟ್ಟಂತೆಯೇ ಇತ್ತು. ಕಿಟಕಿಯ ಕೆಳಗೆ ಗಿಡ್ಡ ಮೇಜು. ಅದರ ಮೇಲೆ ಅರ್ಧಚಂದ್ರದಂಥ ಉಕ್ಕಿನ ಉಳಿ. ಅಂಚಿನ ತುಂಬ ಹಲ್ಲು. ಜಮಾದಾರರು ಅದನ್ನು ತಿರುಗಿಸಿ ನೋಡಿದರು.

"ಅದಕ್ಕ ತೊಟ್ಟಿಲು ಅಂತಿದ್ದೆ ನಾನು," ಎಂದಳು ಚಾಂದ್‌ಬೀ. "ತಗಡಿನ ಮ್ಯಾಲ ಇಟ್ಟು ಅತ್ತಾಗೊಮ್ಮೆ ಇತ್ತಾಗೊಮ್ಮೆ ತೂಗಬೇಕು. ತಗಡು ಪೂರಾ ಖರಖರ ಆಗೂತನ. ಹಂಗ ಮಸಿ ತುಂಬಿ ಒತ್ತಿದ್ರ ಬರೇ ಕಪ್ಪು. ಆಮ್ಯಾಲ ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಲ್ಲಿ ಕೆರೆದು, ತಿಕ್ಕಿ ನುಣ್ಣಗ ಮಾಡಬೇಕು. ನುಣ್ಣಗಾದಲ್ಲಿ ಮಸಿ ನಿಂದರಂಗಿಲ್ಲ. ಬೆಳಕಾಗತೈತಿ. ನಮಗ ಮಕ್ಕಳಾಗಲಿಲ್ಲ. ದಿನಾ ಮುಂಜಾನಿ ಆ ತೊಟ್ಟಿಲು ತೂಗ್ತಿದ್ರು, ನಾನು ಒಲಿ ಮುಂದ ಕುಂತು ಸಪ್ಪಳ ಕೇಳ್ತಿದ್ದೆ."

ಕರೀಂಸಾಬರ ಅಜ್ಜ ಬೀದರಿನಲ್ಲಿ ಬಿದರಿ ಕೆಲಸ ಮಾಡುತ್ತಿದ್ದವರು. ಕಪ್ಪು ಹೂಜಿಯ ಮೈಯೊಳಗೆ ಬೆಳ್ಳಿಯ ಬಳ್ಳಿ ಕೂಡಿಸುವ ಕೈ. ಕಪ್ಪನ್ನು ಮೊದಲು ಚೆಂದ ಮಾಡು, ಬೆಳ್ಳಿ ತಾನೇ ಚೆಂದ ಕಾಣುತ್ತದೆ ಎಂಬುದು ಆ ಅಜ್ಜನ ಮಾತು. ಆಮೇಲೆ ಮಸ್ಕಿಯ ಹತ್ತಿರದ ಪಾಮನಕಲ್ಲೂರಿಗೆ ಬರುತ್ತಿದ್ದ ತೊಗಲುಗೊಂಬೆಯವರು. ಚಿಕ್ಕ ಕರೀಮ ಎಲ್ಲರ ಹಾಗೆ ಪರದೆಯ ಮುಂದೆ ಕೂಡದೆ ಹಿಂದೆ ಹೋಗಿ, ದೀಪಕ್ಕೂ ಗೊಂಬೆಗೂ ನಡುವಿನ ಕತ್ತಲನ್ನು ನೋಡುತ್ತಿದ್ದನಂತೆ. ಬೆಳೆದ ಮೇಲೆ ಹೈದರಾಬಾದಿನ ನವಾಬರೊಬ್ಬರ ದೇವಡಿಯಲ್ಲಿ ಚಿತ್ರಗಳ ಧೂಳು ಒರೆಸುವ ಕೆಲಸ ಸಿಕ್ಕಿತು. ಅಲ್ಲಿ ವಿಲಾಯತಿಯಿಂದ ಬಂದ ಹಳೆಯ ಕಪ್ಪು ಚಿತ್ರಗಳಿದ್ದವು. ಮೆಝೊಟಿಂಟ್ ಎಂದು ಅವುಗಳ ಹೆಸರು. ಮೇಣದಬತ್ತಿಯ ಬೆಳಕಿನಲ್ಲಿ ಅರ್ಧ ಮುಖ ಕಾಣುವ ಮನುಷ್ಯರು. ನವಾಬರ ಮನೆಯ ಮುದಿ ಚಿತ್ರಗಾರನೊಬ್ಬ ಆ ವಿದ್ಯೆಯನ್ನು ಕಲಿಸಿ, ತನ್ನ ಉಳಿಯನ್ನೂ ಕೊಟ್ಟು ಸತ್ತ.

"ಮಸ್ಕಿಗೆ ಯಾಕ ತಿರುಗಿ ಬಂದ್ರಿ ಅಂತ ಕೇಳಿದ್ರ, ಗುಡ್ಡಕ್ಕ ಅಂತಿದ್ರು. ಇಂಥಾ ಕಪ್ಪು ಹೈದರಾಬಾದದಾಗ ಸಿಗಂಗಿಲ್ಲಂತ," ಎಂದು ಚಾಂದ್‌ಬೀ ಸಣ್ಣಗೆ ನಕ್ಕಳು. "ಬಿಕರಿಗೇನೂ ಹೋಗಲಿಲ್ಲ. ಇಷ್ಟು ಕಪ್ಪು ಚಿತ್ರ ಮನ್ಯಾಗ ಹಾಕಿದ್ರ ಲಕ್ಷ್ಮಿ ಬರಂಗಿಲ್ಲ ಅಂತಿದ್ರು ಮಂದಿ."

ಜಮಾದಾರರು ಕೇಳಬೇಕಾದ್ದನ್ನು ಕೇಳಿದರು.

"ತಾಮ್ರದ ಮ್ಯಾಲೆ ಇದ್ದದ್ದು ಕಾಗದದಾಗ ತಿರುವು ಬರತೈತಿ. ಹೌದಲ್ಲ? ಕರೀಂಸಾಬ್ರು ಅದನ್ನ ಮೊದಲ ಸರಿ ಮಾಡಿ ಕೆತ್ತತಿದ್ರೇನು?"

"ಸಾಹುಕಾರ್ರ ಮುಖ ಮಾಡಾಗ ಕನ್ನಡಿ ಇಟ್ಟು, ಅದರಾಗ ನೋಡಿ ಮಾಡ್ತಿದ್ರು. ಇಲ್ಲಂದ್ರ ಬೈತಲಿ ಅತ್ತಾಗಿಂದು ಇತ್ತಾಗ ಬಂದು ಜಗಳ ಆಗತಿತ್ತು. ತಮ್ಮ ಮನಸ್ಸಿಗೆ ಮಾಡಾಗ ಕನ್ನಡಿ ಮುಟ್ಟತಿದ್ದಿಲ್ಲ. ಕಿಟಕ್ಯಾಗ ಕಂಡಂಗ ತಗಡಿನ ಮ್ಯಾಲ. ಖರೇ ಇರೂದು ತಾಮ್ರದಾಗ, ಕಾಗದ ಏನರ ಹೇಳಲಿ ಅಂತಿದ್ರು."

ಅವಳು ಪೆಟ್ಟಿಗೆಯಿಂದ ತಗಡು ತೆಗೆದು ಕೊಟ್ಟಳು. ಜಮಾದಾರರು ಅದನ್ನು ಕಿಟಕಿಯ ಹತ್ತಿರ ಹಿಡಿದರು.

ಕಿಟಕಿಯ ನಡುವೆ ಸುಟ್ಟ ಜಿನ್ನಿನ ಗೋಡೆ. ಎಡಕ್ಕೆ ಕೇರಿಯ ದಾರಿ. ಬಲಕ್ಕೆ ಗುಡ್ಡ, ಅದರ ನೆತ್ತಿಯಲ್ಲಿ ಗುಡಿ. ತಗಡಿನಲ್ಲಿಯೂ ಬಲಕ್ಕೇ ಆ ರಾಶಿ, ಅದರ ನೆತ್ತಿಯಲ್ಲಿ ಚುಕ್ಕಿ. ಲಿಂಗಸುಗೂರಿನಲ್ಲಿ ಎಲ್ಲರೂ ಅದನ್ನು ಹೊಗೆ ಎಂದುಕೊಂಡಿದ್ದರು, ಕಿಡಿ ಎಂದುಕೊಂಡಿದ್ದರು. ದಿನಾ ಬೆಳಗಾದರೆ ಆ ಗುಡ್ಡಕ್ಕೆ ಕೈ ಮುಗಿಯುವ ಮಸ್ಕಿಯ ಜನವೂ, ಅದು ಒಮ್ಮೆ ಬಲದಿಂದ ಎಡಕ್ಕೆ ಬಂದು ಕೂತದ್ದಕ್ಕೆ ಗುರುತು ಹಿಡಿಯಲಿಲ್ಲ.

ತಗಡಿನಲ್ಲಿ ಕಂದೀಲು ಬಲಗೈಯಲ್ಲಿತ್ತು.

ಅಂಬಪ್ಪನ ಬಲಗೈಯಲ್ಲಿ ಕಂದೀಲು ಹಿಡಿಯಲು ಬೆರಳೇ ಇಲ್ಲ.

ಜಮಾದಾರರು ವಲ್ಲಿಯ ಒಂದು ಗಂಟು ಬಿಚ್ಚಿದರು. ಬಿಚ್ಚುವಾಗ ಬರಬೇಕಾದ ಸಂತೋಷ ಬರಲಿಲ್ಲ. ಆಕೃತಿ ನಡೆಯುತ್ತಿದ್ದದ್ದು ಎಡಕ್ಕಲ್ಲ, ಬಲಕ್ಕೆ. ಬಲಕ್ಕೆ, ಗುಡ್ಡದ ಬುಡಕ್ಕೆ ಹೋಗುವ ಆ ದಾರಿಯಲ್ಲಿ ಆಗ ಇದ್ದದ್ದು ಒಂದೇ ಮನೆ. ಬೆಳಿಗ್ಗೆ ಅವರು ಕೂತು ಬಂದ ಮನೆ.

ಇನ್ನೊಂದು ಗಂಟಿತ್ತು. ಚಿತ್ರದ ಆಕೃತಿಗೆ ಇನ್ನೊಂದು ಕೈ ಎಲ್ಲಿ? ಕಂದೀಲಿನ ತಂತಿ ಕಾಣುತ್ತದೆ, ಕಂಬಳಿಯ ದಶಿ ಕಾಣುತ್ತದೆ, ಆ ಕೈ ಮಾತ್ರ ಮೊಣಕೈಯಿಂದ ಕೆಳಗೆ ಕಪ್ಪಿನಲ್ಲಿ ಮುಳುಗಿದೆ. ಅವರು ತಗಡಿನ ಮೇಲೆ ಅಲ್ಲಿ ಬೆರಳಾಡಿಸಿದರು. ಸುತ್ತಲಿನ ಕಪ್ಪಿನಲ್ಲೆಲ್ಲ ಒಂದೇ ಸಮ ಖರಖರ ಇದ್ದ ತಾಮ್ರ, ಅಲ್ಲಿ ತುಸು ತಗ್ಗಿತ್ತು. ತಗಡನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ ಆ ತಗ್ಗಿಗೆ ಒಂದು ಆಕಾರ ಬಂತು. ತಲೆ, ಹೆಗಲು, ಮೇಲಕ್ಕೆ ಚಾಚಿದ ಸಣ್ಣ ತೋಳು. ಆಕೃತಿಯ ಸೊಂಟದ ಎತ್ತರದ್ದು.

"ಇಲ್ಲೊಂದು ಕೂಸು ಇತ್ತು," ಎಂದರು ಜಮಾದಾರರು.

ಚಾಂದ್‌ಬೀ ಕಿಟಕಿಯ ಹೊರಗೆ ನೋಡುತ್ತ ನಿಂತಳು.

"ಇತ್ತು. ಅದನ್ನ ಅವರು ಭಾಳ ಚಂದ ಮಾಡಿದ್ರು. ಕಂದೀಲಿನ ಬೆಳಕು ಗಲ್ಲದ ಮ್ಯಾಲ ಬಿದ್ದಂಗ. ಒಂದು ಕಾಗದ ಒತ್ತಿ ನೋಡಿದ್ರು, ಒಲಿಗೆ ಹಾಕಿದ್ರು. ಮರುದಿನ ತೊಟ್ಟಿಲು ತಗೊಂಡು ಅಷ್ಟೇ ಜಾಗಾ ತೂಗಿ ತೂಗಿ ಮತ್ತ ಕಪ್ಪು ಮಾಡಿದ್ರು. ಕೂಸಿನ್ನ ಮಲಗಿಸಿದೆ ನೋಡು ಅಂದ್ರು ನನಗ. ಎರಡನೇ ಸಲ ಹಾಕಿದ ಕಪ್ಪು ಮೊದಲಿನಂಗ ಕೂಡಂಗಿಲ್ಲ ಅಂತ ಅವರಿಗೂ ಗೊತ್ತಿತ್ತು."

"ಯಾರ ಕೂಸು?"

"ಅದೊಂದು ಕೇಳಬ್ಯಾಡ್ರಿ. ದಿನಾ ಈ ಕಿಟಕಿ ಕಟ್ಟಿ ಹಿಡಕೊಂಡು, ಅಜ್ಜಾ ಇವತ್ತ ಏನ್ ಬೆಳಕು ಮಾಡ್ತಿ ಅಂತ ಕೇಳತಿತ್ತು. ಅವರು ಅದರ ಸಲುವಾಗಿ ಕಿಸೆದಾಗ ಪುಠಾಣಿ ಇಟ್ಟಿರ್ತಿದ್ರು."

ಜಮಾದಾರರು ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದರು. ಕಿಟಕಿ ಕಟ್ಟೆಯ ಕೆಳಗೆ ಗೋಡೆಯಲ್ಲಿ, ಮಗು ಕಾಲಿಟ್ಟು ಹತ್ತಲೆಂದು ಕೂಡಿಸಿದ ಒಂದು ಚಪ್ಪಟೆ ಕಲ್ಲಿತ್ತು.

ಹೊರಡುವ ಮೊದಲು ಕಂದೀಲು ಹಿಡಿದ ಕೈಯನ್ನು ಇನ್ನೊಮ್ಮೆ ನೋಡಿದರು. ಇಡೀ ತಗಡಿನಲ್ಲಿ ಅಷ್ಟು ನುಣ್ಣಗೆ ತಿಕ್ಕಿದ ಜಾಗ ಬೇರೆ ಇರಲಿಲ್ಲ. ಮಣಿಕಟ್ಟಿನಿಂದ ಮೊಣಕೈತನಕ ಬರೀ ಬೆಳಕು. ಬಾಗಿಲಲ್ಲಿ ನಿಂತು ವಲ್ಲಿಗೆ ಹೊಸ ಗಂಟೊಂದನ್ನು ಹಾಕಿದರು.

*

ಬಿಸಿಲು ಗುಡ್ಡದ ಹಿಂದೆ ಇಳಿಯುತ್ತಿತ್ತು. 

ಪಾರ್ವತೆಮ್ಮ ಹೊಸ ಪಾಕ ಹೂಡಿ ಗೊಂಬೆಗಳನ್ನೆಲ್ಲ ಮುಗಿಸಿದ್ದಳು. ಆನೆ, ಗಿಳಿ, ತೇರು, ತುಳಸಿ ಕಟ್ಟೆ, ಎಲ್ಲ ಹಿತ್ತಾಳೆ ಹರಿವಾಣದಲ್ಲಿ ಬೆಳ್ಳಗೆ ಕೂತಿದ್ದವು. ಸಿಪಾಯಿಯ ಜಾಗವೊಂದು ಖಾಲಿ ಇತ್ತು.

ಜಮಾದಾರರು ಸಿಪಾಯಿಯನ್ನು ಅಲ್ಲಿ ಇಟ್ಟರು. ಆಮೇಲೆ ಚಿತ್ರವನ್ನೂ ತಾಮ್ರದ ತಗಡನ್ನೂ ಹರಿವಾಣದ ಪಕ್ಕ ಇಟ್ಟರು.

"ಶೇಕವ್ವ, ಹಿತ್ತಲಕ್ಕ ಹೋಗಿ ಚೆಂಡುಹೂವು ಹರಕೊಂಡು ಬಾರವ್ವ," ಎಂದಳು ಪಾರ್ವತೆಮ್ಮ.

"ಮುಂಜಾನಿ ತಂದೀನಲ್ಲ."

"ಇನ್ನಷ್ಟು ಬೇಕು. ಹೋಗು."

ಹುಡುಗಿ ತಾಯಿಯನ್ನೂ ಜಮಾದಾರರನ್ನೂ ನೋಡಿ, ನಿಧಾನವಾಗಿ ಹಿತ್ತಲಿಗೆ ಹೋದಳು.

"ನಿನ್ನ ಅಚ್ಚಿನ ಮಾತು ಖರೇ ಆತು ನೋಡು ತಂಗಿ," ಎಂದರು ಜಮಾದಾರರು. "ಕಂದೀಲು ಹಿಡದದ್ದು ಬಲಗೈ. ಅಂಬಪ್ಪ ಅಲ್ಲ."

"ಹಂಗಾದ್ರ ಬಿಡಿಸಿಕೊಂಡು ಬರ್ರಿ. ಬಸ್ಸಮ್ಮ ನಿಮ್ಮ ಹೆಸರೀಲೆ ದೀಪ ಹಚ್ಚತಾಳ."

"ಅಂವ ಅಲ್ಲಂದ್ರ ಯಾರು ಅಂತ ಅಮೀನ ಸಾಹೇಬ್ರು ಕೇಳತಾರ. ಗುಡ್ಡ ಯಾವ ಕಡೆ ಐತಿ ಅಂತ ತೋರಿಸಬೇಕಾಗತೈತಿ. ಈ ಕಡೆ ಯಾರ ಮನಿ ಐತಿ ಅಂತ ಹೇಳಬೇಕಾಗತೈತಿ."

ಪಾರ್ವತೆಮ್ಮ ಗಿಳಿಯೊಂದನ್ನು ಎತ್ತಿ, ಅದೇ ಜಾಗದಲ್ಲಿ ಮತ್ತೆ ಇಟ್ಟಳು.

"ಇಲ್ಲಿ ಬೆರಳಿಡು," ಎಂದು ಅವರು ತಗಡನ್ನು ಮುಂದೆ ಸರಿಸಿದರು.

ಅವಳು ಇಟ್ಟಳು. ಆ ತಗ್ಗಿನ ಮೇಲೆ ಅವಳ ಬೆರಳು ಮಗುವಿನ ನೆತ್ತಿ ಸವರುವಂತೆ ಒಮ್ಮೆ ಹರಿದು, ಸುಟ್ಟಂತೆ ಹಿಂದೆ ಬಂತು.

"ಕರೀಂಸಾಬ್ರು ಆಕಿನ್ನ ಅಳಿಸ್ಯಾರ," ಎಂದರು ಜಮಾದಾರರು. "ನಾನೂ ಅಳಿಸಬೇಕಂತ ದಾರಿ ತುಂಬ ಅಂದ್ಕೊಂಡು ಬಂದೆ. ಈ ಮನಿ ರೊಟ್ಟಿ ತಿಂದಾಂವ ನಾನು. ಆದ್ರ ನಾಳೆ ಆ ಬೆರಳಿಲ್ಲದಾಂವನ್ನ ಹಗ್ಗ ಕಟ್ಟಿ ಒಯ್ಯತಾರವ್ವ."

ಒಲೆಯಲ್ಲಿ ಉಳಿದಿದ್ದ ಕೆಂಡ ಚಟಪಟ ಎಂದಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ. ಬೆಳಗಿನಿಂದ ಒಲೆಯ ಮುಂದೆ ಕೂತು ಮುಖವೆಲ್ಲ ಬೆಂದಿತ್ತು.

"ನಾನ ಅಣ್ಣಾರ," ಎಂದಳು. "ಕಂದೀಲು ಹಿಡದಾಕಿ ನಾನ. ಬರಕೊಳ್ರಿ."

"ಯಾಕ ಹೋಗಿದ್ದಿ?"

"ಇವರು ಆವಾಗ ಜಿನ್ನಿನಾಗ ಲೆಕ್ಕ ನೋಡತಿದ್ರಲ್ಲ. ಬುತ್ತಿ ಕೊಡಾಕ ಹೋಗಿದ್ದೆ. ಕೂಸು ಬೆನ್ನ ಹತ್ತಿತ್ತು. ಇವರು ಅಲ್ಲಿರಲಿಲ್ಲ. ಕಂದೀಲು ಕೈಜಾರಿ ಹತ್ತಿ ಮ್ಯಾಲ ಬಿತ್ತು. ಒಳಗ ಪಕೀರಪ್ಪ ಅದಾನಂತ ನನಗ ಗೊತ್ತಿರಲಿಲ್ರಿ. ಓಡಿ ಬಂದೆ. ಅಂಬಪ್ಪನ್ನ ಹಿಡದಾಗ, ಎರಡ ದಿನಕ್ಕ ಬಿಡತಾರ ಅಂದ್ಕೊಂಡೆ. ರೊಟ್ಟಿ ಕಳಿಸಿದೆ. ರೊಟ್ಟಿ ಕಳಿಸಿದ್ರ ಮುಗೀತೈತೇನ್ರಿ."

ಒಂದೇ ಉಸಿರಿಗೆ ಹೇಳಿದಳು. ಬಹಳ ದಿನಗಳಿಂದ ಮನಸ್ಸಿನಲ್ಲೇ ಹೇಳಿಕೊಂಡು ನುಣ್ಣಗಾದ ಮಾತು.

"ಬಿದ್ದ ಕಂದೀಲು ಮತ್ತ ಕೈಗೆ ಹೆಂಗ ಬಂತು?"

"ಎತ್ಕೊಂಡೆ."

"ಬೆಂಕ್ಯಾಗಿಂದ?"

ಅವಳು ಹರಿವಾಣವನ್ನು ತುಸು ಪಕ್ಕಕ್ಕೆ ಸರಿಸಿದಳು.

"ಇನ್ನೊಂದು ಐತಿ ತಂಗಿ." ಜಮಾದಾರರ ದನಿ ಇನ್ನೂ ತಗ್ಗಿತು. "ಕರೀಂಸಾಬ್ರು ಕಂದೀಲಿನ ತಂತೀನೂ ಬಿಟ್ಟಿಲ್ಲ. ಬೆಳಕು ಬಿದ್ದದ್ದು ಒಂದೂ ಬಿಟ್ಟಿಲ್ಲ. ಕಂದೀಲಿನ ಮುಂದ ಗಾಜಿನ ಬಳಿ ಹೆಂಗ ಮಿಂಚತಾವ ಅಂತ ನಿನಗ ಗೊತ್ತು. ಈ ಕೈ ಬರಿಗೈ."

ಪಾರ್ವತೆಮ್ಮ ತನ್ನ ಕೈ ನೋಡಿಕೊಂಡಳು. ಹಸಿರು ಬಳೆಗಳ ಮೇಲೆ ಸಕ್ಕರೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

"ಅವತ್ತ ತಗದಿಟ್ಟಿದ್ದೆ," ಎಂದಳು.

ಮಾತು ಹೊರಬಿದ್ದ ಮೇಲೆ ಅದು ಅವಳ ಕಿವಿಗೇ ಕೇಳಿಸಿತು.

ಒಂದು ಬಳೆ ಒಡೆದರೆ ಇನ್ನೊಂದು ಏರಿಸುವ ತನಕ ಕೈಗೆ ಅರಿಷಿಣದ ದಾರ ಕಟ್ಟಿಕೊಂಡೇ ನೀರು ಕುಡಿಯುವ ಮನೆತನ ಅವಳದು. ಗಂಡ ಇರುವ ಹೆಣ್ಣು ಗಾಜಿನ ಬಳೆ ತೆಗೆದಿಡುವುದಿಲ್ಲ. ತೆಗೆಯುವ ದಿನ ಒಂದೇ, ಅದನ್ನು ಬಾಯಲ್ಲಿ ಆಡುವುದೂ ಇಲ್ಲ. ಗಂಡನನ್ನು ಉಳಿಸಲೆಂದು ಹೇಳಿದ ಸುಳ್ಳಿನಲ್ಲಿ ಅವಳು ಗಂಡನ ಬಳೆಯನ್ನೇ ತೆಗೆದಿಟ್ಟಿದ್ದಳು.

"ಹಂಗ ಅನಬ್ಯಾಡವ್ವ," ಎಂದರು ಜಮಾದಾರರು. "ಹುಣ್ಣಿಮಿ ಮುಂದ ಹಂಗ ಅನಬ್ಯಾಡ."

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಾನ ಅಂತ ಬರಕೊಳ್ರಿ ಅಣ್ಣಾರ. ಕೈ ಮುಗೀತೀನಿ. ತಾಯಿ ಜೇಲಿಗೆ ಹೋದ್ರ ಮಗಳಿಗೆ ಅಪ್ಪ ಇರತಾನ. ಆಕಿಗೆ ಅಪ್ಪ ಅಂದ್ರ ಜೀಂವ. ದಾರಿ ತುಂಬ ಆಕಿ ಹೆಜ್ಜಿ ಗುರುತಾಗ ಕಾಲಿಟ್ಟು ಬರತಾರ ಇವರು. ಅಷ್ಟ ಒಂದು ಉಳಸ್ರಿ."

"ಅಂಬಪ್ಪನ ಮಕ್ಕಳಿಗೂ ಅಪ್ಪ ಅದಾನವ್ವ."

"ಅದಕ್ಕ ನನ್ನ ಒಯ್ಯಿರಿ ಅನ್ನಾಕತ್ತೀನಿ."

ಜಮಾದಾರರು ವಲ್ಲಿಯ ತುದಿ ಹಿಡಿದು ಕೂತರು. ದಾರಿಯಲ್ಲಿ ಒಂದೊಂದೇ ಬಿಚ್ಚಿ ಈಗ ಉಳಿದದ್ದು ಒಂದೇ ಗಂಟು. ಬಿಚ್ಚಲು ಉಗುರು ಹಾಕಿದರು, ಆಗಲಿಲ್ಲ. ಬಸ್ಸು ಬರುವ ಹೊತ್ತಾಗಿತ್ತು. ತಗಡನ್ನು ಒಯ್ದರೆ ಒಬ್ಬನ ಹಗ್ಗ ಬಿಚ್ಚುತ್ತದೆ. ಜೊತೆಗೆ ಈ ಹೆಂಗಸಿನ ಮಾತನ್ನೂ ಒಯ್ದರೆ, ಅದು ಸುಳ್ಳೆಂದು ತಿಳಿದೂ ಬರೆಸಿದರೆ, ಎಲ್ಲರಿಗೂ ಸಾಕು. ಅಮೀನರಿಗೂ ಸಾಕು, ಶಿವಶರಣಪ್ಪನವರಿಗೂ ಸಾಕು. ಬಳೆಯ ವಿಷಯ ಕೇಳುವವರು ಯಾರು? ಕರೀಂಸಾಬರು ಒಂದು ಕೂಸನ್ನು ಕತ್ತಲಲ್ಲಿ ಮಲಗಿಸಿದರು. ತಾನೊಂದು ಕೈಯನ್ನು ಮಲಗಿಸಬಹುದು.

ಎರಡನೇ ಸಲ ಹಾಕಿದ ಕಪ್ಪು ಮೊದಲಿನಂತೆ ಕೂಡುವುದಿಲ್ಲ.

ಕಟ್ಟೆಯ ಕಡೆಯಿಂದ ಸಿಂಧನೂರಿನ ಬಸ್ಸಿನ ಹಾರನ್ ಕೇಳಿಸಿತು. ಅದೇ ಬಸ್ಸು ಮುಂದೆ ಲಿಂಗಸುಗೂರಿಗೆ ಹೋಗುತ್ತದೆ. ಅದರಿಂದಲೇ ಪಾರ್ವತೆಮ್ಮನ ಗಂಡ ಮರಿಸ್ವಾಮಿ ಇಳಿಯುತ್ತಾನೆ. ಜಿನ್ನು ಸುಟ್ಟ ಮರುವರ್ಷ ಮಸ್ಕಿಯ ಕೆಲಸ ಬಿಟ್ಟು ಸಿಂಧನೂರಿನಲ್ಲಿ ಅಕ್ಕಿ ಅಂಗಡಿ ಇಟ್ಟ ಮರಿಸ್ವಾಮಿ. ಹಬ್ಬಕ್ಕೆ ಮಗಳಿಗೆ ಪರಕಾರದ ಬಟ್ಟೆ ತರುತ್ತೇನೆಂದು ಹೇಳಿ ಕಳಿಸಿದ್ದ.

ಪಾರ್ವತೆಮ್ಮ ಬಾಗಿಲ ಕಡೆ ನೋಡಿದಳು. ಆಮೇಲೆ ಹಿತ್ತಲ ಬಾಗಿಲ ಕಡೆ ನೋಡಿದಳು.

ಅಲ್ಲಿ ಶೇಕವ್ವ ನಿಂತಿದ್ದಳು. ಪರಕಾರದ ಮಡಿಲ ತುಂಬ ಚೆಂಡುಹೂವು. ಯಾವಾಗ ಬಂದಳೋ, ಹೂವಿನ ತೊಟ್ಟುಗಳೆಲ್ಲ ಅವಳ ಬೆರಳಲ್ಲಿ ನಜ್ಜುಗುಜ್ಜಾಗಿದ್ದವು. ಅವಳ ಕಣ್ಣು ಹರಿವಾಣದ ಪಕ್ಕದ ಚಿತ್ರದ ಮೇಲಿತ್ತು, ಆ ಕಪ್ಪಿನಲ್ಲಿ ಮುಳುಗಿದ ಕೈಯ ಮೇಲೆ.

"ಅವ್ವಾ, ಈಗ ಕೇಳ್ಲೇನು?"

ಒಲೆಯ ಮೇಲೆ ಪಾಕ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಇರಲಿಲ್ಲ. ಈಗ ಬೇಡ ಎನ್ನಲು ಪಾರ್ವತೆಮ್ಮನಿಗೆ ಮನೆಯಲ್ಲಿ ಒಂದು ಕೆಲಸವೂ ಉಳಿದಿರಲಿಲ್ಲ.

ಹೊರಗೆ ಓಣಿಯಲ್ಲಿ ಪರಿಚಯದ ಕೆಮ್ಮು ಕೇಳಿಸಿತು. ಹೆಜ್ಜೆಗಳು ಹತ್ತಿರವಾದವು.

"ಅವತ್ತ ನನ್ನ ಕೈ ಹಿಡಕೊಂಡು ಓಡಿಸಿಕೊಂಡು ಬಂದಾಗ ಬಳಿ ಸಪ್ಪಳನ ಆಗಲಿಲ್ಲವ್ವ," ಎಂದಳು ಶೇಕವ್ವ. "ಅದು ಅಪ್ಪನ ಕೈ ಹೌದಲ್ಲೇನು?"